ಯಾವ ದೇಶ ಚೆನ್ನಾಗಿ ನಿಭಾಯಿಸ್ತು ಅಂತ ಯಾವ ಅಳತೆ ಇಟ್ಕೊಂಡು ಹೇಳ್ತೀರಿ?

ನೀಲಿಶಾಯಿ:
ನಿನ್ನೆ ಮನೇಲಿ ಊಟಕ್ಕೆ ಕೂತಾಗ ಶುರುವಾದ ವಾದ ರಾತ್ರಿ ಹನ್ನೊಂದಾದ್ರೂ ಮುಗೀಲಿಲ್ಲ. ನಮ್ ಮಾವ ಹೇಳೋದು, ಕೊರೊನಾ ಬಂದಾಗ ನ್ಯೂಜಿಲೆಂಡ್ ಥರ ಮೊದ್ಲೇ ಬಾಗ್ಲು ಹಾಕ್ಕೊಂಡಿದ್ರೆ ಎಲ್ಲಾ ದೇಶದೋರೂ ಉಳ್ಕೋತಿದ್ರು ಅಂತ. ನನ್ ತಮ್ಮ ಹೇಳೋದು, ಸ್ವೀಡನ್ ನೋಡಿ, ಲಾಕ್‌ಡೌನೇ ಮಾಡ್ಲಿಲ್ಲ, ಅವರಿಗೇನಾಯ್ತು ಅಂತ. ಇಬ್ರೂ ಬಿಟ್ಕೊಡೋರಲ್ಲ. ನಂಗನ್ಸಿದ್ದು ಇಬ್ರೂ ತಮಗೆ ಬೇಕಾದ ಒಂದೆರಡು ತಿಂಗಳನ್ನ ಹಿಡ್ಕೊಂಡು ಜಗ್ತಿದಾರೆ, ಪೂರ್ತಿ ಕಥೆ ನೋಡ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಅಂತ ಘೋಷಿಸಿದ್ದು 2020 ಜನವರಿ 30ಕ್ಕೆ, ಅದು ಮುಗೀತು ಅಂದಿದ್ದು 2023 ಮೇ 5ಕ್ಕೆ. ಮೂರು ವರ್ಷದ ಮೇಲಾಯ್ತು. ಇದರ ಮಧ್ಯೆ ಯಾವ ದಿನಕ್ಕೆ ಲೆಕ್ಕ ನಿಲ್ಲಿಸಿದ್ರೂ ಒಂದೊಂದು ದೇಶ ಗೆದ್ದಂಗೆ ಕಾಣತ್ತೆ.

ಇನ್ನೊಂದು ವಿಷ್ಯ ನನ್ ತಲೇಲಿ ಕೊರೀತಾನೇ ಇದೆ. 2019 ಅಕ್ಟೋಬರ್‌ನಲ್ಲಿ, ರೋಗ ಕಾಣಿಸ್ಕೊಳ್ಳೋಕೆ ಎರಡು ತಿಂಗಳ ಮುಂಚೆ ಅಷ್ಟೇ, ಜಾಗತಿಕ ಆರೋಗ್ಯ ಭದ್ರತಾ ಸೂಚ್ಯಂಕ ಅಂತ 195 ದೇಶಗಳ ಪಟ್ಟಿ ಬಂತು, ಸಾಂಕ್ರಾಮಿಕ ಬಂದ್ರೆ ಎದುರಿಸೋಕೆ ಯಾರು ಎಷ್ಟು ತಯಾರಿದಾರೆ ಅಂತ. ಮೊದಲನೇ ಸ್ಥಾನ ಅಮೆರಿಕಕ್ಕೆ, ಎರಡನೇದು ಬ್ರಿಟನ್‌ಗೆ. ಆಮೇಲೆ ಆಗಿದ್ದು ನೋಡಿದ್ರಲ್ಲ, ಅಮೆರಿಕ ಒಂದರಲ್ಲೇ 11 ಲಕ್ಷಕ್ಕೂ ಜಾಸ್ತಿ ಜನ ತೀರ್ಕೊಂಡ್ರು. ಹಾಗಾದ್ರೆ ತಯಾರಿ ಅಂದ್ರೆ ಏನು? ನಿಮ್ ನಿಮ್ ಅಭಿಪ್ರಾಯ ಹೇಳಿ, ಬೈದಾಡೋದು ಬೇಡ.

ಲೆಕ್ಕದ ಮೇಷ್ಟ್ರು:
ಒಂದ್ಸಲ ಕೈ ಸುಟ್ಕೊಂಡೋರಿಗೇ ಬೆಂಕಿ ಗೊತ್ತಿರೋದು, ನನ್ ಉತ್ತರ ಇಷ್ಟೇ. ದಕ್ಷಿಣ ಕೊರಿಯಾ ತಗೊಳ್ಳಿ. 2015ರಲ್ಲಿ ಅಲ್ಲಿ ಮರ್ಸ್ ಅನ್ನೋ ಉಸಿರಾಟದ ಸಾಂಕ್ರಾಮಿಕ ರೋಗ ಬಂತು, 186 ಜನಕ್ಕೆ ತಗುಲಿ 38 ಜನ ಸತ್ರು, ಯಾವ್ ಯಾವ್ ಆಸ್ಪತ್ರೇಲಿ ರೋಗ ಇದೆ ಅಂತ ಸರ್ಕಾರ ಮೊದಮೊದ್ಲು ಹೆಸರು ಹೇಳ್ದೆ ಮುಚ್ಚಿಟ್ಟು ಜನರ ಕೈಲಿ ಚೆನ್ನಾಗಿ ಬೈಸ್ಕೊಳ್ತು. ಆಮೇಲೆ ಕಾನೂನೇ ಬದಲಾಯ್ಸಿದ್ರು, ತುರ್ತು ಬಂದ್ರೆ ಖಾಸಗಿ ಕಂಪನಿಗಳ ಟೆಸ್ಟ್ ಕಿಟ್‌ಗೆ ತಕ್ಷಣ ಅನುಮತಿ ಕೊಡೋ ಹಾಗೆ. 2020 ಫೆಬ್ರವರೀಲಿ ದೇಗು ನಗರದಲ್ಲಿ ಒಂದು ಧಾರ್ಮಿಕ ಗುಂಪಿಂದ ಸಾವಿರಾರು ಕೇಸ್ ಒಟ್ಟಿಗೆ ಬಂದಾಗ ಅವರ ಕೈಲಿ ಕಿಟ್ ರೆಡಿ ಇತ್ತು. ಕಾರಲ್ಲಿ ಕೂತ್ಕೊಂಡೇ ಕಿಟಕಿ ಇಳಿಸಿ ಮೂಗಿಗೆ ಕಡ್ಡಿ ಹಾಕಿಸ್ಕೊಂಡು ಹೋಗೋ ವ್ಯವಸ್ಥೆ ಮಾಡಿದ್ರು. ದೇಶಕ್ಕೆ ದೇಶಾನೇ ಬೀಗ ಹಾಕ್ಲಿಲ್ಲ, ಏಪ್ರಿಲ್ 15ಕ್ಕೆ ಮಾಸ್ಕು ಗ್ಲೌಸು ಹಾಕ್ಸಿ ಸಂಸತ್ ಚುನಾವಣೇನೂ ಮಾಡಿ ಮುಗಿಸಿದ್ರು.

ತೈವಾನ್‌ದೂ ಇದೇ ಕಥೆ, ಅವರು 2003ರಲ್ಲಿ ಸಾರ್ಸ್ ಅನ್ನೋ ಅಂಥದ್ದೇ ರೋಗದಿಂದ ಪೆಟ್ಟು ತಿಂದಿದ್ರು. 2019 ಡಿಸೆಂಬರ್ 31ರಿಂದ್ಲೇ ವುಹಾನ್‌ನಿಂದ ಬಂದ ವಿಮಾನದೊಳಗೆ ಹತ್ತಿ ಪ್ರಯಾಣಿಕರನ್ನ ಪರೀಕ್ಷೆ ಮಾಡೋಕೆ ಶುರು ಮಾಡಿದ್ರು, ಆಗಿನ್ನೂ ಈ ರೋಗಕ್ಕೆ ಹೆಸರೂ ಇಟ್ಟಿರ್ಲಿಲ್ಲ. ಫೆಬ್ರವರಿ 6ರಿಂದ ಆರೋಗ್ಯ ವಿಮೆ ಕಾರ್ಡ್ ತೋರಿಸಿದ್ರೆ ಮಾಸ್ಕ್, ಥೇಟ್ ರೇಷನ್ ಥರ, ದುಡ್ಡಿದ್ದೋರು ಬಾಚ್ಕೊಂಡು ಹೋಗೋ ಹಾಗಿಲ್ಲ. 2020ರಲ್ಲಿ 250 ದಿನಕ್ಕೂ ಮೇಲೆ ದೇಶದೊಳಗೆ ಹರಡಿದ ಒಂದೇ ಒಂದು ಕೇಸಿಲ್ಲ. ಪಟ್ಟಿ ಮಾಡೋರು ಲ್ಯಾಬ್ ಎಷ್ಟಿದೆ, ಕಾನೂನು ಏನಿದೆ ಅಂತ ಎಣಿಸಬಹುದು, ಜನ ಎಷ್ಟು ಹೆದರಿದಾರೆ, ಹಿಂದಿನ ತಪ್ಪು ಎಷ್ಟು ನೆನಪಿಟ್ಕೊಂಡಿದಾರೆ ಅನ್ನೋದನ್ನ ಎಣಿಸೋಕಾಗಲ್ಲ.

ಎರೆಮಣ್ಣು:
ಮೇಷ್ಟ್ರ, ನೀವು ಹೇಳಿದ್ದು ಖರೆ ಐತ್ರಿ, ಆದ್ರ ಒಂದ್ ಮಾತ್ ಹೇಳ್ತೀನಿ ಸಿಟ್ಟಾಗ್ಬ್ಯಾಡ್ರಿ. ನೀವೆಲ್ಲಾ ಸಿರಿವಂತ ದೇಶದ ಲೆಕ್ಕಾ ಹೇಳಾಕತ್ತೀರಿ. ಪೆರು ದೇಶದ್ದು ನೋಡ್ರಿ. 2020 ಮಾರ್ಚ್ 16ಕ್ಕ ಲಾಕ್‌ಡೌನ್ ಮಾಡಿದ್ರು, ಬ್ರಿಟನ್‌ಕಿಂತ ಒಂದ್ ವಾರ ಮೊದ್ಲ. ಮಿಲಿಟ್ರಿ ನಿಂದ್ರಿಸಿದ್ರು, ಕರ್ಫ್ಯೂ ಹಾಕಿದ್ರು. ಅಷ್ಟ್ ಬಿಗಿ ಮಾಡಿದ್ರೂ ತಲಾವಾರು ಲೆಕ್ಕದಾಗ ಜಗತ್ತಿನ್ಯಾಗ ಎಲ್ಲಾರ್ಕಿಂತ ಹೆಚ್ಚ ಮಂದಿ ಸತ್ತಿದ್ದು ಅಲ್ಲೇ. ಯಾಕಂದ್ರ ದುಡಿಯೋರೊಳಗ ನೂರಕ್ಕ ಎಪ್ಪತ್ ಮಂದಿ ದಿನಗೂಲಿ, ಬೀದಿ ವ್ಯಾಪಾರ, ಇಂಥಾದ್ರಾಗ ಇರೋರು. ಇವತ್ ದುಡದ್ರ ಇವತ್ ಊಟ. ನೂರಕ್ಕ ನಲವತ್ತರ ಮ್ಯಾಲ ಮನ್ಯಾಗ ಫ್ರಿಜ್ ಇಲ್ಲ, ಹದಿನೈದ್ ದಿನದ್ ಸಾಮಾನ ಹೆಂಗ್ ತಂದಿಡ್ತಾರ ಹೇಳ್ರಿ? ಮಾರ್ಕೆಟ್ಟಿಗೆ ಹೋಗಾಕಬೇಕು, ಅಲ್ಲೇ ಜಡ್ಡ್ ಹತ್ತತಿ. ಸರ್ಕಾರ ಪರಿಹಾರ ಕೊಡ್ತೀನಿ ಅಂತು, ಛೊಲೋ ಆತು, ಆದ್ರ ಬಾಳ್ ಮಂದಿಗೆ ಬ್ಯಾಂಕ್ ಖಾತೇನ ಇಲ್ಲ, ಬ್ಯಾಂಕಿನ ಮುಂದ ಪಾಳಿ ಹಚ್ಚಿದ್ರು, ಮತ್ತ ಅಲ್ಲೇ ಹತ್ತಿತು. ಬಾಗ್ಲಾ ಹಾಕ್ಕೊಂಡ್ ಕುಂದ್ರು ಅನ್ನೋದು ಬಾಗ್ಲಿನ ಒಳಗ ಕಾಳಿದ್ದೋರಿಗೆ ಹೇಳೋ ಮಾತ್ರಿ.

ನೀಲಿಶಾಯಿ:
ಅಣ್ಣ, ಇದು ನಂಗೆ ಹೊಳ್ದೇ ಇರ್ಲಿಲ್ಲ. ಜರ್ಮನೀಲಿ ಕೆಲ್ಸದ ಗಂಟೆ ಕಮ್ಮಿಯಾದ್ರೆ ಹೋದ ಸಂಬಳದಲ್ಲಿ ನೂರಕ್ಕೆ 60 ಭಾಗ, ಮಕ್ಕಳಿದ್ರೆ 67 ಭಾಗ ಸರ್ಕಾರವೇ ತುಂಬಿಕೊಡೋ ಪದ್ಧತಿ ಮೊದಲಿಂದ್ಲೇ ಇತ್ತಂತೆ, ಬ್ರಿಟನ್ ಕೂಡ 80 ಭಾಗ, ತಿಂಗಳಿಗೆ 2,500 ಪೌಂಡ್ ತನಕ ಕೊಡ್ತು. ಮನೇಲೇ ಇರಿ ಅಂತ ಹೇಳೋಕೆ ಅವರಿಗೆ ಬಾಯಿ ಬಂತು. ಭಾರತದಲ್ಲಿ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಹೇಳಿ ಹನ್ನೆರಡು ಗಂಟೆಗೆ ಎಲ್ಲಾ ಬಂದ್ ಮಾಡಿದಾಗ ತಲೆ ಮೇಲೆ ಗಂಟು, ಕಂಕುಳಲ್ಲಿ ಮಗು ಇಟ್ಕೊಂಡು ಹೆದ್ದಾರೀಲಿ ನಡೆದೋರ ಚಿತ್ರ ನೆನಪಾದ್ರೆ ಇವತ್ತಿಗೂ ಹೊಟ್ಟೆ ಕಿವುಚತ್ತೆ.

ಕಡಲಾಚೆ:
ನ್ಯೂಜಿಲೆಂಡ್ ಹೆಸರು ಬಂತಲ್ಲ, ಅಲ್ಲಿ ಸಂಸಾರ ಇಟ್ಟಿರೋನಾಗಿ ಎರಡು ಮಾತು ಹೇಳ್ಲೇಬೇಕು. ಮಾವನೋರ ಮಾತಲ್ಲಿ ಸುಳ್ಳಿಲ್ಲ. 2020 ಮಾರ್ಚ್ 19ಕ್ಕೆ ಹೊರಗಿನೋರಿಗೆ ಗಡಿ ಮುಚ್ಚಿದ್ರು, 25ರ ಮಧ್ಯರಾತ್ರಿಗೆ ಪೂರ್ತಿ ಲಾಕ್‌ಡೌನ್, ಜೂನ್ 8ಕ್ಕೆ ದೇಶದಲ್ಲಿ ಒಂದೂ ಸಕ್ರಿಯ ಕೇಸಿಲ್ಲ ಅಂತ ಪ್ರಧಾನಿ ಜಸಿಂಡಾ ಆರ್ಡರ್ನ್ ಹೇಳಿದ್ರು. ದಿನಾ ಮಧ್ಯಾಹ್ನ ಅವರೂ ಆರೋಗ್ಯ ಇಲಾಖೆ ಮಹಾ ನಿರ್ದೇಶಕರೂ ಬಂದು ನಿಂತು ಪ್ರಶ್ನೆಗೆ ಉತ್ತರ ಕೊಡ್ತಿದ್ರು, ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತಿದ್ರು. ಜನ ನಂಬಿದ್ರು. ಬೇರೆ ದೇಶದೋರು ಮಾಸ್ಕಲ್ಲಿ ಮುಖ ಮುಚ್ಕೊಂಡಿದ್ದಾಗ ಅಲ್ಲಿ ಸ್ಟೇಡಿಯಂ ತುಂಬಿ ರಗ್ಬಿ ನೋಡ್ತಿದ್ರು.

ಆದ್ರೆ ಬಾಗ್ಲ ಹೊರಗೆ ಉಳಿದೋರ ಕಥೆ ಯಾರೂ ಹೇಳಲ್ಲ. ನಾನು ಕೆಲಸದ ಮೇಲೆ ಹೊರಗೆ ಹೋದೋನು ಸಿಕ್ಕಾಕ್ಕೊಂಡೆ. ಹೆಂಡ್ತಿ ಎರಡು ವರ್ಷದ ಮಗಳು ಒಳಗೆ. ವಾಪಸ್ ಬರ್ಬೇಕಂದ್ರೆ ಸರ್ಕಾರ ಗೊತ್ತು ಮಾಡಿದ ಹೋಟೆಲಲ್ಲಿ ಕ್ವಾರಂಟೈನ್ ರೂಮ್ ಸಿಗ್ಬೇಕು, 2021 ಸೆಪ್ಟೆಂಬರಿಂದ ಅದಕ್ಕೆ ಲಾಟರಿ ಥರ ಮಾಡಿದ್ರು. ಆನ್‌ಲೈನ್ ಕ್ಯೂನಲ್ಲಿ ಎಲ್ರೂ ಒಟ್ಟಿಗೆ ಕಾಯೋದು, ಟೈಮ್ ಆದ ತಕ್ಷಣ ಕಂಪ್ಯೂಟರ್ ಒಬ್ಬೊಬ್ಬರಿಗೆ ಒಂದು ನಂಬರ್ ಕೊಡತ್ತೆ. ಬೆಳಗಿನ ಜಾವ ಎದ್ದು ಲ್ಯಾಪ್‌ಟಾಪ್ ಮುಂದೆ ಕೂತಿರ್ತಿದ್ದೆ, ಸ್ಕ್ರೀನ್ ಮೇಲೆ ಒಂದು ಪುಟ್ಟ ಗೆರೆ ನಿಧಾನಕ್ಕೆ ತುಂಬ್ತಾ ಹೋಗೋದು, ಆಮೇಲೆ ನಂಬರ್ ಬರೋದು, ನಿಮ್ ಮುಂದೆ ಇಷ್ಟು ಸಾವಿರ ಜನ ಇದಾರೆ ಅಂತ. ಆ ನಂಬರ್ ನೋಡಿದ್ ತಕ್ಷಣ ಗೊತ್ತಾಗ್ಬಿಡೋದು ಇವತ್ತೂ ಇಲ್ಲ ಅಂತ. ಮಗಳು ವಿಡಿಯೋ ಕಾಲಲ್ಲಿ ನನ್ನ ನೋಡಿ ನೋಡಿ, ಮನೇಲಿ ಯಾರಾದ್ರೂ ಅಪ್ಪ ಎಲ್ಲಿ ಅಂದ್ರೆ ಫೋನ್ ತೋರಿಸ್ತಿದ್ಲಂತೆ. ಆ ಸರ್ಕಾರದ ಮೇಲೆ ನಂಗೆ ಗೌರವ ಇದೆ, ಸಾವಿರಾರು ಜೀವ ಉಳಿಸಿದಾರೆ, ಆದ್ರೂ ಆ ಎಂಟು ತಿಂಗಳನ್ನ ನಾನು ಯಾವ ಖಾತೆಗೆ ಬರೀಲಿ?

ಪುಟ್ಟಿ ಅಮ್ಮ:
ಓದಿ ಕಣ್ಣು ಒದ್ದೆಯಾಯ್ತು ಸರ್. ಮಗಳು ಈಗ ಹೇಗಿದಾಳೆ?

ಕಡಲಾಚೆ:
ಚೆನ್ನಾಗಿದಾಳೆ ಮೇಡಂ. ನಾನು ಬಂದಾಗ ಮೊದಲ ಎರಡು ದಿನ ಹತ್ರ ಬರ್ಲಿಲ್ಲ, ಬಾಗ್ಲ ಸಂದಿಯಿಂದ ನೋಡೋಳು. ಈಗ ಬಿಟ್ಟಿರಲ್ಲ.

ರಾತ್ರಿಪಾಳಿ:
ನಾನು ನರ್ಸ್. ದೊಡ್ಡ ದೊಡ್ಡ ದೇಶದ ನೀತಿ ನಂಗೆ ಅಷ್ಟು ಗೊತ್ತಿಲ್ಲ, ನಂಗೆ ಗೊತ್ತಿರೋದು ಬೆಡ್ಡು ಆಕ್ಸಿಜನ್ನು. ಇಟಲಿಯ ಬೆರ್ಗಾಮೊ ಊರಲ್ಲಿ 2020 ಮಾರ್ಚ್‌ನಲ್ಲಿ ಸೇನೆ ಟ್ರಕ್‌ಗಳು ಸಾಲಾಗಿ ಶವಪೆಟ್ಟಿಗೆ ಹೊತ್ಕೊಂಡು ಹೋಗಿದ್ದು ನೋಡಿದಾಗ ನಮ್ ವಾರ್ಡಲ್ಲಿ ಎಲ್ರೂ ಸುಮ್ನೆ ನಿಂತ್ಬಿಟ್ವಿ. ಆ ಊರಿರೋ ಲೊಂಬಾರ್ಡಿ ಪ್ರಾಂತ್ಯ ಅಂದ್ರೆ ಯೂರೋಪಲ್ಲೇ ಒಳ್ಳೆ ಆಸ್ಪತ್ರೆ ಇರೋ ಜಾಗ, ಅಲ್ಲೇ ಹೀಗಾದ್ರೆ ನಮ್ ಗತಿ ಏನು ಅಂತ.

ನಂದೊಂದು ನೋವು ಹೇಳ್ಕೋತೀನಿ, ಆಸ್ಪತ್ರೆ ಹೆಸರು ಬೇಡ. ಪಿಪಿಇ ಕಿಟ್ ಹಾಕ್ಕೊಂಡ್ರೆ ಯಾರು ಯಾರಂತ ಗೊತ್ತಾಗಲ್ಲ, ಅದಕ್ಕೆ ಬೆನ್ನ ಮೇಲೆ ಮಾರ್ಕರಲ್ಲಿ ಹೆಸರು ಬರ್ಕೊತಿದ್ವಿ. ಗ್ಲೌಸು ಎರಡೆರಡು. ರೋಗಿ ಮನೆಯೋರನ್ನ ಒಳಗೆ ಬಿಡ್ತಿರ್ಲಿಲ್ಲ, ಒಂದು ಫೋನನ್ನ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಜಿಪ್ ಎಳ್ದು ಇಟ್ಟಿರ್ತಿದ್ವಿ, ಕೊನೆ ಹೊತ್ತಲ್ಲಿ ಅದನ್ನ ರೋಗಿ ಮುಖದ ಮುಂದೆ ಹಿಡಿಯೋದು ನಮ್ ಕೆಲ್ಸ. ಗ್ಲೌಸ್ ಮೇಲಿಂದ ಟಚ್ ಸರಿಯಾಗಿ ಕೆಲಸ ಮಾಡ್ತಿರ್ಲಿಲ್ಲ, ಆ ಕಡೆ ಮನೆಯೋರು ಹಲೋ ಹಲೋ ಅಂತಿರ್ತಿದ್ರು, ಇಲ್ಲಿ ನಾನು ಕಾಲ್ ಎತ್ತೋಕಾಗ್ದೆ ಒತ್ತಿ ಒತ್ತಿ ನೋಡ್ತಿದ್ದೆ. ಒಬ್ಬಜ್ಜಿದು ಹಾಗೇ ಕಾಲ್ ಕನೆಕ್ಟ್ ಆಗೋಷ್ಟರಲ್ಲಿ ಮುಗ್ದೇ ಹೋಯ್ತು. ಒಬ್ಬರಿಗಾದ್ರೂ ಕಿಟ್ ಹಾಕ್ಸಿ ಐದು ನಿಮಿಷ ಒಳಗೆ ಬಿಡಿ ಅಂತ ಮೇಲಿನೋರನ್ನ ಎಷ್ಟೋ ಸಲ ಕೇಳಿದೀವಿ, ಒಪ್ಲಿಲ್ಲ. ಯಾವ ದೇಶ ಚೆನ್ನಾಗಿ ಮಾಡ್ತು ಅಂತ ಕೇಳೋರು ಇದನ್ನೂ ಕೇಳ್ಬೇಕು, ಸಾಯೋರನ್ನ ಒಂಟಿಯಾಗಿ ಬಿಟ್ರಾ ಇಲ್ವಾ ಅಂತ.

ಲೆಕ್ಕದ ಮೇಷ್ಟ್ರು:
ತಂಗಿ, ನಿಮ್ ಮಾತಿಗೆ ನನ್ ಹತ್ರ ಉತ್ತರ ಇಲ್ಲ, ನಿಮ್ಮಂಥೋರಿಗೆ ಕೈ ಮುಗೀಬೇಕು ಅಷ್ಟೇ.

ನೀಲಿಶಾಯಿಯೋರ ತಮ್ಮನ ಸ್ವೀಡನ್ ವಿಷ್ಯಕ್ಕೆ ಬರ್ತೀನಿ. ಅಲ್ಲಿ ಏನೂ ಮುಚ್ಲಿಲ್ಲ ಅನ್ನೋದು ಅರ್ಧ ಸತ್ಯ. ಐವತ್ತು ಜನಕ್ಕಿಂತ ಹೆಚ್ಚು ಸೇರೋ ಹಾಗಿರ್ಲಿಲ್ಲ, ಕಾಲೇಜು ಆನ್‌ಲೈನ್ ಆಯ್ತು, ವೃದ್ಧಾಶ್ರಮಕ್ಕೆ ಹೊರಗಿನೋರು ಹೋಗೋದು ನಿಲ್ಲಿಸಿದ್ರು. ಚಿಕ್ಕ ಮಕ್ಕಳ ಶಾಲೆ ಮಾತ್ರ ತೆರ್ದೇ ಇಟ್ರು. 2020ರಲ್ಲಿ ಪಕ್ಕದ ನಾರ್ವೆ ಫಿನ್ಲೆಂಡ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಸಾವಾಯ್ತು, ಅದ್ರಲ್ಲಿ ವೃದ್ಧಾಶ್ರಮದೋರೇ ಬಹಳ, ಆ ಡಿಸೆಂಬರಲ್ಲಿ ಅಲ್ಲಿಯ ರಾಜರೇ ನಾವು ಸೋತಿದೀವಿ ಅನ್ಸತ್ತೆ ಅಂತ ಬಾಯಿಬಿಟ್ಟು ಹೇಳಿದ್ರು. ಆದ್ರೆ 2020ರಿಂದ 2022ರ ತನಕ ಮೂರೂ ವರ್ಷ ಒಟ್ಟು ಹಾಕಿ, ಮಾಮೂಲಿಗಿಂತ ಎಷ್ಟು ಹೆಚ್ಚು ಜನ ಸತ್ರು ಅಂತ ನೋಡಿದ್ರೆ ಯೂರೋಪಲ್ಲಿ ಕಮ್ಮಿ ಇರೋ ದೇಶಗಳಲ್ಲಿ ಸ್ವೀಡನ್ನೂ ಒಂದು. ಎರಡೂ ನಿಜಾನೇ. ತಮ್ಮಂಗೆ ಎರಡನ್ನೂ ಹೇಳಿ.

ಪುಟ್ಟಿ ಅಮ್ಮ:
ಶಾಲೆ ಅಂದ್ರಲ್ಲ ಮೇಷ್ಟ್ರೇ, ಅದ್ರ ಬಗ್ಗೆ ಯಾರೂ ಸರಿಯಾಗಿ ಮಾತಾಡಲ್ಲ. ಡೆನ್ಮಾರ್ಕಲ್ಲಿ 2020 ಏಪ್ರಿಲ್ 15ಕ್ಕೇ ಚಿಕ್ಕ ಮಕ್ಕಳ ಶಾಲೆ ತೆರೆದ್ರು, ಯೂರೋಪಲ್ಲಿ ಮೊದಲು. ಸಣ್ಣ ಸಣ್ಣ ಗುಂಪು ಮಾಡಿ, ಪದೇ ಪದೇ ಕೈ ತೊಳ್ಸಿ, ಆದಷ್ಟು ಪಾಠ ಹೊರಗೆ ಬಯಲಲ್ಲಿ ಮಾಡಿದ್ರು. ಉಗಾಂಡದಲ್ಲಿ 2020 ಮಾರ್ಚಲ್ಲಿ ಮುಚ್ಚಿದ್ದು, ಮಧ್ಯೆ ಸ್ವಲ್ಪ ಸ್ವಲ್ಪ ತೆರೆದಿದ್ದು ಬಿಟ್ರೆ, ಪೂರ್ತಿ ಶುರುವಾಗಿದ್ದು 2022 ಜನವರಿ 10ಕ್ಕೆ. ಕೋಟಿಗೂ ಮೀರಿ ಮಕ್ಕಳು. ಎಷ್ಟೋ ಹೆಣ್ಮಕ್ಕಳು ಬಸುರಾಗಿ, ಎಷ್ಟೋ ಗಂಡುಮಕ್ಕಳು ಕೂಲಿಗೆ ಸೇರಿ, ವಾಪಸ್ ಬರ್ಲೇ ಇಲ್ಲ. ರೋಗದಿಂದ ಮಕ್ಕಳಿಗೆ ಅಪಾಯ ಕಮ್ಮಿ ಅಂತ ಮೊದಲ ಕೆಲವು ತಿಂಗಳಲ್ಲೇ ಗೊತ್ತಾಗಿತ್ತು, ಹರಡುತ್ತೆ ಅನ್ನೋ ಭಯ ಇತ್ತು ಸರಿ, ಆದ್ರೂ ಎಷ್ಟೋ ಕಡೆ ಹೋಟೆಲ್ ಬಾರ್ ಮಾಲ್ ಎಲ್ಲಾ ತೆರೆದ್ಮೇಲೂ ಶಾಲೆ ಮುಚ್ಚೇ ಇತ್ತು, ಮಕ್ಕಳಿಗೆ ಓಟಿಲ್ವಲ್ಲ, ಯಾರು ಕೇಳ್ತಾರೆ. ನನ್ ಮಗ ಒಂದನೇ ಕ್ಲಾಸು ಪೂರ್ತಿ ಮೊಬೈಲಲ್ಲೇ ಮುಗಿಸಿದ. ಶಾಲೆಗೆ ಹೋದ ಮೊದಲ ದಿನ ಪಕ್ಕದಲ್ಲಿ ಕೂತ ಹುಡುಗನ್ನ ಮುಟ್ಟಬಹುದಾ ಅಮ್ಮ ಅಂತ ಕೇಳಿದ. ಪೆನ್ಸಿಲ್‌ನ ಮುಷ್ಟಿಯಲ್ಲಿ ಹಿಡೀತಿದ್ದ, ಚಮಚ ಹಿಡಿಯೋ ಹಾಗೆ.

ಎರೆಮಣ್ಣು:
ಅಕ್ಕಾರ, ಇದಕ್ಕ ಯಾವ್ ದೇಶದ ಅಂಕಿ ಸಂಖ್ಯೆದಾಗೂ ಜಾಗಾ ಇಲ್ಲ ನೋಡ್ರಿ.

ಇನ್ನೊಂದ್ ಮಾತು. ಪೆರು ದೇಶಾನ ಬಯ್ಯಾಕತ್ತೀನಿ ಅಂತ ತಿಳ್ಕೋಬ್ಯಾಡ್ರಿ, ಅವ್ರು ಒಂದ್ ದೊಡ್ಡ ಕೆಲ್ಸಾ ಮಾಡ್ಯಾರ. 2021 ಮೇ 31ಕ್ಕ, ನಾವ್ ಎಣಿಸಿದ್ದು ತಪ್ಪೈತಿ ಅಂತ ತಾವಾ ಒಪ್ಕೊಂಡು ಸತ್ತೋರ್ ಸಂಖ್ಯೆ 69 ಸಾವಿರದಿಂದ 1 ಲಕ್ಷ 80 ಸಾವಿರಕ್ಕ ತಿದ್ದಿದ್ರು. ರಾತ್ರೋರಾತ್ರಿ ತಲಾವಾರು ಪಟ್ಟಿದಾಗ ಮೊದಲನೇದ್ ಆದ್ರು. ಎಷ್ಟ್ ದೇಶ ಹಿಂಗ್ ಮಾಡ್ಯಾವ? ಅಧಿಕೃತ ಲೆಕ್ಕ ಜಗತ್ತಿಗೆ 70 ಲಕ್ಷ ಅಂತೈತಿ, ವಿಶ್ವ ಆರೋಗ್ಯ ಸಂಸ್ಥೆ ಅಂದಾಜ್ ನೋಡಿದ್ರ 2020, 21 ಎರಡ ವರ್ಷದಾಗ 1 ಕೋಟಿ 49 ಲಕ್ಷ ಸಾವು ಹೆಚ್ಚಾಗ್ಯಾವ. ಉಳಿದೋರು ಯಾರ್ ಲೆಕ್ಕದಾಗ ಹೋದ್ರು? ಖರೆ ಹೇಳಿದೋರು ಪಟ್ಟಿ ತುದಿಗೆ ಕುಂತ್ರು, ಮುಚ್ಚಿಟ್ಟೋರು ಛೊಲೋ ಮಾಡಿದ್ರು ಅನ್ನಿಸ್ಕೊಂಡ್ರು. ಇದ್ ನ್ಯಾಯ ಅಲ್ಲ.

ಕಡಲಾಚೆ:
ಸತ್ಯ ಹೇಳಿದ್ದಕ್ಕೆ ಪೆಟ್ಟು ತಿಂದೋರಲ್ಲಿ ದಕ್ಷಿಣ ಆಫ್ರಿಕಾನೂ ಸೇರ್ಸಿ. 2021 ನವೆಂಬರ್ 24ಕ್ಕೆ ಅಲ್ಲಿಯ ವಿಜ್ಞಾನಿಗಳು ಹೊಸ ತಳಿ ಕಂಡಿದೀವಿ ಅಂತ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿದ್ರು, 26ಕ್ಕೆ ಅದಕ್ಕೆ ಒಮಿಕ್ರಾನ್ ಅಂತ ಹೆಸರು ಬಂತು, ಅಷ್ಟರಲ್ಲೇ ಶ್ರೀಮಂತ ದೇಶಗಳು ಅವರ ವಿಮಾನ ನಿಲ್ಲಿಸಿಬಿಟ್ವು. ಆ ತಳಿ ಆಗ್ಲೇ ಯೂರೋಪ್ ಸೇರಿತ್ತು. ನಾಳೆ ಇನ್ನೊಂದು ಬಂದ್ರೆ ಯಾವ ದೇಶ ಬಾಯಿ ಬಿಡತ್ತೆ?

ನೀಲಿಶಾಯಿ:
ಇಲ್ಲೀ ತನಕ ಓದಿ ನಂಗೆ ಒಂದು ವಿಷ್ಯ ಸ್ಪಷ್ಟ ಆಗ್ತಿದೆ, ತಪ್ಪಿದ್ರೆ ತಿದ್ದಿ. ಬಾಗ್ಲು ಹಾಕಿದ್ರಾ ಬಿಟ್ರಾ ಅನ್ನೋದಕ್ಕಿಂತ ಬಾಗ್ಲು ಹಾಕ್ಕೊಂಡು ಒಳಗೆ ಏನ್ ಮಾಡಿದ್ರು ಅಂತ ಕೇಳ್ಬೇಕು. ನ್ಯೂಜಿಲೆಂಡೂ ಹಾಂಗ್‌ಕಾಂಗೂ ಎರಡೂ ಎರಡು ವರ್ಷ ಗಡಿ ಕಾಯ್ದ್ವು. 2022ರ ಆರಂಭದಲ್ಲಿ ಒಮಿಕ್ರಾನ್ ಎರಡೂ ಕಡೆ ಒಳಗೆ ನುಗ್ತು. ನ್ಯೂಜಿಲೆಂಡಲ್ಲಿ ಅಷ್ಟೊತ್ತಿಗೆ 12 ವರ್ಷ ದಾಟಿದೋರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನಕ್ಕೆ ಎರಡು ಡೋಸ್ ಲಸಿಕೆ ಆಗಿತ್ತು. ಹಾಂಗ್‌ಕಾಂಗಲ್ಲಿ ಎಂಬತ್ತು ದಾಟಿದ ಹಿರಿಯರಲ್ಲಿ ಬಹಳಷ್ಟು ಜನ ಹಾಕಿಸ್ಕೊಂಡೇ ಇರ್ಲಿಲ್ಲ, ರೋಗ ಇಲ್ವಲ್ಲ, ಲಸಿಕೆ ಯಾಕೆ ಅನ್ನೋ ಧೈರ್ಯ, ಅಡ್ಡಪರಿಣಾಮದ ಭಯ ಬೇರೆ. ಮಾರ್ಚಲ್ಲಿ ಹಾಂಗ್‌ಕಾಂಗಿನ ಸಾವಿನ ದರ ಜಗತ್ತಲ್ಲೇ ಅತಿ ಹೆಚ್ಚಾಯ್ತು. ಒಂದೇ ವೈರಸ್ಸು, ಒಂದೇ ಬೀಗ.

ರಾತ್ರಿಪಾಳಿ:
ಸರಿಯಾಗಿ ಹೇಳಿದ್ರಿ. ಚೀನಾದಲ್ಲೂ ಹಾಗೇ ಅಲ್ವಾ, 2022ರಲ್ಲಿ ಶಾಂಘೈನ ಎರಡು ತಿಂಗಳು ಮುಚ್ಚಿದ್ರು, ಎಲ್ರಿಗೂ ಮತ್ತೆ ಮತ್ತೆ ಟೆಸ್ಟ್ ಮಾಡಿದ್ರು, ಅಷ್ಟೇ ಆಸಕ್ತಿಯಿಂದ ವಯಸ್ಸಾದೋರಿಗೆ ಬೂಸ್ಟರ್ ಹಾಕಿದ್ರೆ ಡಿಸೆಂಬರಲ್ಲಿ ಒಮ್ಮೆಲೇ ಬಿಟ್ಟಾಗ ಆಸ್ಪತ್ರೆಗಳು ಹಾಗೆ ತುಂಬ್ತಿರ್ಲಿಲ್ಲ.

ಲಸಿಕೆ ವಿಷ್ಯದಲ್ಲಿ ನಂಗೆ ಇಷ್ಟವಾಗಿದ್ದು ಭೂತಾನ್. ಪುಟ್ಟ ದೇಶ, ಎಂಟು ಲಕ್ಷ ಜನಾನೂ ಇಲ್ಲ, ಬೆಟ್ಟಗುಡ್ಡ. 2021 ಜುಲೈನಲ್ಲಿ ಒಂದು ವಾರದೊಳಗೆ ವಯಸ್ಕರಲ್ಲಿ ನೂರಕ್ಕೆ ತೊಂಬತ್ತು ಜನಕ್ಕೆ ಎರಡನೇ ಡೋಸ್ ಮುಗಿಸಿದ್ರು. ಲಸಿಕೆ ಡಬ್ಬ ಹೊತ್ಕೊಂಡು ಆರೋಗ್ಯ ಕಾರ್ಯಕರ್ತರು ಮಳೇಲಿ ಬೆಟ್ಟ ಹತ್ತಿದಾರೆ. ಐಸ್ ಕರಗೋ ಮುಂಚೆ ಊರು ಮುಟ್ಬೇಕು ಅನ್ನೋ ಆತಂಕ ಏನು ಅಂತ ಆ ಡಬ್ಬ ಹೊತ್ತೋರಿಗೇ ಗೊತ್ತು, ನಾನೂ ಹೊತ್ತಿದೀನಿ, ಭುಜದ ಮೇಲೆ ಪಟ್ಟಿ ಕೂತ ಜಾಗ ಕೆಂಪಗೆ ಬರೆ ಬೀಳತ್ತೆ.

ಎರೆಮಣ್ಣು:
ಅದ ಹೊತ್ತಿನ್ಯಾಗ ಸಿರಿವಂತ ದೇಶದಾಗ ಮಂದಿಗಿಂತ ಹೆಚ್ಚ ಡೋಸ್ ಬುಕ್ ಮಾಡಿಟ್ಕೊಂಡಿದ್ರು. ಕೊವ್ಯಾಕ್ಸ್ ಅಂತ ಎಲ್ಲಾ ದೇಶಕ್ಕ ಲಸಿಕೆ ಹಂಚೋ ಯೋಜನಾ ಮಾಡಿ 2021 ಮುಗಿಯೋದ್ರಾಗ 200 ಕೋಟಿ ಡೋಸ್ ಹಂಚ್ತೀವಿ ಅಂದ್ರು, ಅದ್ರ ಅರ್ಧಾನೂ ಮುಟ್ಟಲಿಲ್ಲ. ಬಡ ದೇಶದ ನರ್ಸಿಗೆ ಒಂದ್ ಡೋಸ್ ಸಿಗೋಕಿಂತ ಮೊದ್ಲ ಅಲ್ಲಿ ಗಟ್ಟಿಮುಟ್ಟ ಹುಡುಗ್ರಿಗೆ ಬೂಸ್ಟರ್ ಆತು. ನಿಭಾಯಿಸೋದು ಅಂದ್ರ ತಮ್ಮ ಮನಿ ಅಷ್ಟ ನೋಡ್ಕೊಳ್ಳೋದಾ?

ಲೆಕ್ಕದ ಮೇಷ್ಟ್ರು:
ಗಾಳಿ ವಿಷ್ಯ ಯಾರೂ ಎತ್ಲಿಲ್ಲ. 2020 ಮಾರ್ಚ್ 28ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇದು ಗಾಳಿಯಲ್ಲಿ ಹರಡಲ್ಲ ಅಂತ ಗಟ್ಟಿಯಾಗಿ ಹೇಳ್ತು. ಗಾಳಿಯಲ್ಲೂ ಹರಡತ್ತೆ, ಒಪ್ಕೊಳ್ಳಿ ಅಂತ ಜುಲೈನಲ್ಲಿ 239 ವಿಜ್ಞಾನಿಗಳು ಸೇರಿ ಪತ್ರ ಬರೀಬೇಕಾಯ್ತು. ಜಪಾನ್ ಅಷ್ಟೊತ್ತಿಗಾಗ್ಲೇ ಮುಚ್ಚಿದ ಜಾಗ, ಜನಜಂಗುಳಿ, ಹತ್ತಿರದ ಮಾತು, ಈ ಮೂರನ್ನ ಬಿಡಿ ಅಂತ ಜನಕ್ಕೆ ಹೇಳ್ತಿತ್ತು. ಜಗತ್ತೆಲ್ಲಾ ಮೇಜು ಒರೆಸ್ತಾ ತರಕಾರಿ ತೊಳೀತಾ ಕೂತಿದ್ದಾಗ ಕಿಟಕಿ ತೆಗೀರಿ ಅಂತ ಹೇಳಿದ್ದು ಅವರು. ಕಿಟಕಿ ತೆಗೆಯೋಕೆ ಖರ್ಚೇನಿತ್ತು?

ಪುಟ್ಟಿ ಅಮ್ಮ:
ಅಯ್ಯೋ ಆ ಒರೆಸೋದು. ಹಾಲಿನ ಪ್ಯಾಕೆಟ್ಟನ್ನ ಸೋಪಲ್ಲಿ ತೊಳ್ದು ತೊಳ್ದು ಬೆರಳೆಲ್ಲಾ ಬಿರುಕು ಬಿಟ್ಟಿತ್ತು.

ನೀಲಿಶಾಯಿ:
ಎಲ್ರಿಗೂ ಧನ್ಯವಾದ. ಇವತ್ತು ಸಂಜೆ ಮಾವಂಗೂ ತಮ್ಮಂಗೂ ಇದನ್ನ ಮೊದಲಿಂದ ಕೊನೇವರೆಗೆ ಓದಿ ಹೇಳಿದೆ. ತಮ್ಮ ಸ್ವೀಡನ್ ವೃದ್ಧಾಶ್ರಮದ ವಿಷ್ಯ ಗೊತ್ತಿರ್ಲಿಲ್ಲ ಅಂತ ಒಪ್ಕೊಂಡ. ಮಾವ ಕಡಲಾಚೆ ಸರ್ ಬರೆದಿದ್ದನ್ನ ಎರಡನೇ ಸಲ ಓದಿಸ್ಕೊಂಡ್ರು. ಆಮೇಲೆ ಒಂದು ಪ್ರಶ್ನೆ ಕೇಳಿದ್ರು, ನಂಗೆ ಉತ್ತರ ಗೊತ್ತಾಗ್ಲಿಲ್ಲ, ನಿಮ್ಮನ್ನೇ ಕೇಳ್ತೀನಿ. 2025 ಮೇ 20ಕ್ಕೆ ಜಿನೀವಾದಲ್ಲಿ ಸಾಂಕ್ರಾಮಿಕ ಒಪ್ಪಂದ ಅಂತ ಒಂದು ಮಾಡ್ಕೊಂಡ್ರಲ್ಲ, ಮುಂದಿನ ಸಲ ಲಸಿಕೆ ಔಷಧಿ ನ್ಯಾಯವಾಗಿ ಹಂಚ್ಕೊಳ್ಳೋಕೆ ಅಂತ, ಅಮೆರಿಕ ಅದ್ರಿಂದ ಹೊರಗೇ ಇದೆಯಲ್ಲ. ಅದ್ರಲ್ಲಿ ರಾತ್ರಿಪಾಳಿ ಅಕ್ಕ ಹೇಳಿದ ಥರ, ಕೊನೆ ಹೊತ್ತಲ್ಲಿ ಮನೆಯೋರೊಬ್ಬರನ್ನ ಒಳಗೆ ಬಿಡ್ಬೇಕು ಅಂತ ಎಲ್ಲಾದ್ರೂ ಬರೆದಿದಾರಾ ಅಂತ ಕೇಳಿದ್ರು.

ರಾತ್ರಿಪಾಳಿ:
ಮಾವನೋರಿಗೆ ನನ್ ನಮಸ್ಕಾರ ಹೇಳಿ. ದೇಶ ದೇಶದ ಒಪ್ಪಂದದಲ್ಲಿ ಅಂಥದ್ದೆಲ್ಲ ಬರೆಯಲ್ಲ ಅನ್ಸತ್ತೆ. ನಮ್ ವಾರ್ಡಿನ ನಿಯಮದ ಫೈಲಲ್ಲಾದ್ರೂ ಸೇರಿಸಿ ಅಂತ ಹೋದ ತಿಂಗಳು ಮತ್ತೆ ಬರೆದು ಕೊಟ್ಟಿದೀನಿ, ಈ ಸಲ ನಾವು ಹನ್ನೊಂದು ಜನ ನರ್ಸ್‌ಗಳು ಸಹಿ ಹಾಕಿದೀವಿ.